ಹಿಮ ಬಿದ್ದ ದಿನದ ಮತದಾನ: ಪರ್ತ್‌ಶೈರ್ ರಸ್ತೆಗಳಲ್ಲಿ

ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿಗೆ ಹೊರಟಿದ್ದೇನೆ ಅಂದಾಗ ಧಾರವಾಡದಲ್ಲಿ ಕೇಳಿದವರೆಲ್ಲ ಬೇಡ ಅಂದರು. ಆ ತಿಂಗಳಲ್ಲಿ ಅಲ್ಲಿ ಬೆಳಕು ಹರಿಯುವುದು ಎಂಟೂಮುಕ್ಕಾಲಕ್ಕೆ, ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲು. ಎಷ್ಟೋ ಅರಮನೆ, ಕೋಟೆಗಳಿಗೆ ಬೀಗ, ದೋಣಿಗಳು ಬಂದ್. ಬೆಟ್ಟ, ಸರೋವರ ನೋಡಲಷ್ಟೇ ಹೋಗುವವರು ಮೇ ತಿಂಗಳಲ್ಲೋ ಸೆಪ್ಟೆಂಬರಿನಲ್ಲೋ ಹೋಗಬೇಕು, ನಿಜ. ಆದರೆ ನಾನು ನೋಡಲು ಹೊರಟದ್ದು ಡಿಸೆಂಬರಿನದೇ ಒಂದು ಸಂಗತಿಯನ್ನು.

1938ರ ಡಿಸೆಂಬರ್ 21ರಂದು ಕಿನ್ರಾಸ್ ಮತ್ತು ಪಶ್ಚಿಮ ಪರ್ತ್‌ಶೈರ್ ಎಂಬ ಕ್ಷೇತ್ರದಲ್ಲಿ ಬ್ರಿಟಿಷ್ ಸಂಸತ್ತಿಗೆ ಉಪಚುನಾವಣೆ ನಡೆಯಿತು. ಡಚೆಸ್ ಆಫ್ ಆಥಲ್, ಅಂದರೆ ಆಥಲ್‌ನ ಡ್ಯೂಕ್ ಎಂಬ ಪ್ರಭುವಿನ ಹೆಂಡತಿ, ಕ್ಯಾಥರೀನ್ ಸ್ಟುವರ್ಟ್-ಮರ್ರೆ 1923ರಿಂದ ಅಲ್ಲಿಯ ಸಂಸದೆ. ಸ್ಕಾಟ್ಲೆಂಡಿನಿಂದ ಗೆದ್ದ ಮೊದಲ ಮಹಿಳೆ, ಕನ್ಸರ್ವೇಟಿವ್ ಸರ್ಕಾರವೊಂದರಲ್ಲಿ ಸಚಿವ ಸ್ಥಾನ ಪಡೆದ ಮೊದಲ ಮಹಿಳೆಯೂ ಅವರೇ. ಆ ವರ್ಷದ ಸೆಪ್ಟೆಂಬರ್ ಕೊನೆಗೆ ಅದೇ ಪಕ್ಷದ ಪ್ರಧಾನಿ ಚೇಂಬರ್ಲೇನ್ ಮ್ಯೂನಿಕ್‌ನಲ್ಲಿ ಹಿಟ್ಲರ್ ಜೊತೆ ಒಪ್ಪಂದ ಮಾಡಿಕೊಂಡು ಚೆಕೊಸ್ಲೊವಾಕಿಯಾದ ಒಂದು ಭಾಗವನ್ನು ಬಿಟ್ಟುಕೊಟ್ಟಾಗ ದೇಶದ ಬಹುಪಾಲು ಜನ ನಿಟ್ಟುಸಿರು ಬಿಟ್ಟರು. ಕ್ಯಾಥರೀನ್ ಒಪ್ಪಲಿಲ್ಲ. ಕ್ಷೇತ್ರದ ಪಕ್ಷ ಸಂಘ ಬೇರೆ ಅಭ್ಯರ್ಥಿಯನ್ನು ಹುಡುಕಲು ನಿರ್ಧರಿಸಿತು. ಅವರು ಕುರ್ಚಿಗೆ ಅಂಟಿಕೊಂಡು ಕೂರಲಿಲ್ಲ. ತಾವೇ ರಾಜೀನಾಮೆ ಕೊಟ್ಟು, ಪಕ್ಷೇತರರಾಗಿ ನಿಂತು, ಜನರೇ ಹೇಳಲಿ ಅಂದರು.

ಈ ಕಥೆ ನನ್ನನ್ನು ವರ್ಷಗಳಿಂದ ಬಿಟ್ಟಿರಲಿಲ್ಲ. ಅಕ್ಕನ ಮಗಳು ಎಡಿನ್‌ಬರೋದಲ್ಲಿ ಕೆಲಸ ಹಿಡಿದ ಮೇಲೆ ನೆಪವೂ ಸಿಕ್ಕಿತು, ಕಾರು ಓಡಿಸುವವರೂ ಸಿಕ್ಕರು.

ಮೊದಲ ದಿನ: ಎಡಿನ್‌ಬರೋ, ಕಿನ್ರಾಸ್

ಹೊರಡುವ ಮುಂಚೆ ಎಡಿನ್‌ಬರೋ ಕೋಟೆಗೆ ಹೋದೆವು. ಕೋಟೆಯ ತುದಿಯಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರೀಯ ಯುದ್ಧ ಸ್ಮಾರಕವಿದೆ. ಒಳಗೆ ಫೋಟೋ ತೆಗೆಯುವಂತಿಲ್ಲ. ರೆಜಿಮೆಂಟಿಗೊಂದರಂತೆ ಕಟ್ಟೆ, ಕಟ್ಟೆಯ ಮೇಲೆ ದಪ್ಪ ಪುಸ್ತಕ, ಪುಸ್ತಕದ ತುಂಬ ಸತ್ತವರ ಹೆಸರು. 1927ರಲ್ಲಿ ತೆರೆದ ಈ ಸ್ಮಾರಕಕ್ಕಾಗಿ ಎಲ್ಲರಿಗಿಂತ ಹೆಚ್ಚು ಓಡಾಡಿದವರು ಎಂಟನೇ ಡ್ಯೂಕ್ ಆಫ್ ಆಥಲ್, ಕ್ಯಾಥರೀನರ ಗಂಡ. ಅವರು ಮೊದಲ ಮಹಾಯುದ್ಧದಲ್ಲಿ ಗಲಿಪೊಲಿಯಲ್ಲಿ ಸೈನ್ಯ ನಡೆಸಿದವರು. ಅವರ ತಮ್ಮನೊಬ್ಬ 1914ರಲ್ಲೇ ಫ್ರಾನ್ಸಿನಲ್ಲಿ ಸತ್ತಿದ್ದ. ಮ್ಯೂನಿಕ್ ಬೇಡ ಅಂದ ಹೆಂಗಸಿಗೆ ಯುದ್ಧ ಅಂದರೇನು ಗೊತ್ತಿಲ್ಲ ಎಂದು ಆಕೆಯ ವಿರೋಧಿಗಳೂ ಹೇಳುವಂತಿರಲಿಲ್ಲ. ಪ್ರವಾಸ ಇಲ್ಲಿಂದಲೇ ಶುರುವಾಗಬೇಕು ಎಂದು ನಾನು ಹಟ ಹಿಡಿದದ್ದು ಅದಕ್ಕೇ.

ಫೋರ್ತ್ ಕೊಲ್ಲಿಯ ಮೇಲಿನ ಹೊಸ ಸೇತುವೆ ದಾಟುವಾಗ ಗಾಳಿ ಕಾರನ್ನು ಪಕ್ಕಕ್ಕೆ ನೂಕುತ್ತಿತ್ತು. ಅಲ್ಲಿಂದ ಕಿನ್ರಾಸ್ ದೂರವೇನಲ್ಲ. ಊರು ಸಣ್ಣದು, ಬೂದು ಕಲ್ಲಿನ ಮನೆಗಳು, ಪೂರ್ವಕ್ಕೆ ಲಾಕ್ ಲೆವೆನ್ ಸರೋವರ. ನಡುಗಡ್ಡೆಯ ಮೇಲೆ ಕಾಣುವ ಕೋಟೆಯಲ್ಲಿ ಸ್ಕಾಟ್ ರಾಣಿ ಮೇರಿಯನ್ನು 1567ರಲ್ಲಿ ಸೆರೆಯಿಟ್ಟಿದ್ದರು. ಮರುವರ್ಷ ಅವಳು ಅಲ್ಲಿಂದ ತಪ್ಪಿಸಿಕೊಂಡಳು. ಕೋಟೆಗೆ ಹೋಗುವ ದೋಣಿ ಚಳಿಗಾಲದಲ್ಲಿ ಇಲ್ಲ. ನಮಗೆ ಬೇಸರವಾಗಲಿಲ್ಲ, ಯಾಕೆಂದರೆ ಚಳಿಗಾಲದಲ್ಲಿ ಮಾತ್ರ ಕಾಣುವುದು ಅಲ್ಲಿ ಇನ್ನೊಂದಿದೆ. ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ಕಡೆಯಿಂದ ಬರುವ ಗುಲಾಬಿ ಕಾಲಿನ ಹೆಬ್ಬಾತುಗಳು. ಮೂರು ಗಂಟೆ ದಾಟುತ್ತಲೇ ಹೊಲಗಳಿಂದ ಸಾಲುಗಟ್ಟಿ ಎದ್ದು, ಸಾವಿರಾರು ಹಕ್ಕಿಗಳು ಕೂಗುತ್ತ ಸರೋವರಕ್ಕೆ ಇಳಿದವು. ಆ ಗದ್ದಲದಲ್ಲಿ ಪಕ್ಕದವರ ಮಾತು ಕೇಳಿಸದು. ನೋಡಬೇಕೆನ್ನುವವರು ಕತ್ತಲಾಗುವುದಕ್ಕೆ ಒಂದು ತಾಸು ಮುಂಚೆ ದಡದಲ್ಲಿರಬೇಕು, ಎರಡು ಜೊತೆ ಕಾಲುಚೀಲ ಹಾಕಿರಬೇಕು. ಸರೋವರದ ಸುತ್ತ ಸುಮಾರು 21 ಕಿಲೋಮೀಟರಿನ ಕಾಲುದಾರಿ ಇದೆ. ಚಪ್ಪಟೆ ನೆಲ, ವಯಸ್ಸಾದವರೂ ಆಗುವಷ್ಟು ನಡೆದು ವಾಪಸ್ ಬರಬಹುದು.

ಬೇಕರಿಯಲ್ಲಿ ಸಸ್ಯಾಹಾರಿಗಳಿಗೆ ಏನಿದೆ ಅಂದಾಗ ಮ್ಯಾಕರೋನಿ ಪೈ ತೋರಿಸಿದರು. ಹಿಟ್ಟಿನ ಬಟ್ಟಲಲ್ಲಿ ಚೀಸ್ ಹಾಕಿದ ಮ್ಯಾಕರೋನಿ ತುಂಬಿ ಬೇಯಿಸಿದ್ದು. ಬಿಸಿಯಾಗಿದ್ದಾಗ ತಿನ್ನಬೇಕು. ಮೇಲೆ ಮನೆಯಿಂದ ತಂದ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡೆ. ಬೇಕರಿಯ ಹುಡುಗಿ ರುಚಿ ನೋಡಿ, ಕಣ್ಣಲ್ಲಿ ನೀರು ಬಂದರೂ ಇನ್ನಷ್ಟು ಕೇಳಿ ಇಸಿದುಕೊಂಡಳು.

ಎರಡನೇ ದಿನ: ಗ್ಲೆನ್‌ಡೆವನ್ ದಾಟಿ ಕ್ರೀಫ್‌ಗೆ

ಓಕಿಲ್ ಬೆಟ್ಟಗಳ ನಡುವೆ ಗ್ಲೆನ್‌ಡೆವನ್ ಕಣಿವೆಯ ರಸ್ತೆ ಹಾವಿನಂತೆ ಹೋಗುತ್ತದೆ. ಕುರಿಗಳು, ಕಲ್ಲುಗೋಡೆಗಳು, ಒಣಗಿ ಕೆಂಪಾದ ಜರಿಗಿಡ. ಮಳೆ ಅಡ್ಡಡ್ಡ ಬೀಳುತ್ತಿತ್ತು. ಪ್ರತಿ ಹಳ್ಳಿಯಲ್ಲೂ ಕಾರು ನಿಲ್ಲಿಸು ಅಂತ ಹುಡುಗಿಯನ್ನು ಕಾಡಿದೆ. ಹಳ್ಳಿಗೊಂದು ಯುದ್ಧಸ್ಮಾರಕ ಇರುತ್ತದೆ ಇಲ್ಲಿ, ಚರ್ಚಿನ ಬಳಿ ಅಥವಾ ಕೂಡುರಸ್ತೆಯಲ್ಲಿ. 1914ರಿಂದ 1918ರವರೆಗೆ ಸತ್ತವರ ಹೆಸರು ಮೇಲೆ, ಆಮೇಲಿನ ಯುದ್ಧದ ಹೆಸರು ಕೆಳಗೆ. ಹತ್ತಿಪ್ಪತ್ತು ಮನೆಗಳ ಊರಲ್ಲೂ ಮೇಲಿನ ಪಟ್ಟಿ ಉದ್ದ. ಒಂದೇ ಅಡ್ಡಹೆಸರು ಎರಡು ಸಲ, ಮೂರು ಸಲ ಬರುತ್ತದೆ. ಅಣ್ಣತಮ್ಮಂದಿರೇ ಇರಬೇಕು.

"ಮೌಶಿ, ಎಲ್ಲಾ ಕಡೆ ಅದ ಅಲ್ಲ, ಎಷ್ಟ್ ಅಂತ ಓದ್ತೀ?" ಅಂದಳು, ಛತ್ರಿ ಹಿಡಿದು ನನ್ನ ಹಿಂದೆ ನಿಂತು.

ಈ ಕಲ್ಲುಗಳನ್ನು ಓದದೆ ಆ ಚುನಾವಣೆ ಅರ್ಥವಾಗುವುದಿಲ್ಲ ಅಂತ ಅವಳಿಗೆ ಹೇಳಿದೆ. 1938ರಲ್ಲಿ ಈ ಹೆಸರುಗಳಿಗೆ ಬರೀ ಇಪ್ಪತ್ತು ವರ್ಷ ವಯಸ್ಸು. ಅವರ ತಾಯಂದಿರು ಬದುಕಿದ್ದರು, ಮತದಾರರ ಪಟ್ಟಿಯಲ್ಲೂ ಇದ್ದರು. ಡಚೆಸ್‌ಗೆ ಹಾಕಿದ ಮತ ಯುದ್ಧಕ್ಕೆ ಹಾಕಿದ ಮತ ಎಂಬ ಧಾಟಿಯಲ್ಲಿ ಪ್ರಚಾರ ನಡೆದಾಗ ಅದು ಆ ಮನೆಗಳಲ್ಲಿ ಹೇಗೆ ಕೇಳಿಸಿರಬೇಕು? ಮ್ಯೂನಿಕ್ ಒಪ್ಪಂದಕ್ಕೆ ಕೈಮುಗಿದವರನ್ನು ಹೇಡಿಗಳೆಂದು ಬರೆಯುವುದು ಈಗ ಸುಲಭ. ಗ್ಲೆನ್‌ಡೆವನ್ ರಸ್ತೆಯ ಮಳೆಯಲ್ಲಿ ನಿಂತು ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಕ್ರೀಫ್ ಇಳಿಜಾರಿನ ಮೇಲೆ ಕಟ್ಟಿದ ಊರು. ಹದಿನೆಂಟನೇ ಶತಮಾನದಲ್ಲಿ ಇಲ್ಲಿ ದೊಡ್ಡ ದನದ ಸಂತೆ ಸೇರುತ್ತಿತ್ತು. ಎತ್ತರದ ನಾಡಿನಿಂದ, ದ್ವೀಪಗಳಿಂದ ದನಗಳನ್ನು ದಿನಗಟ್ಟಲೆ ಹೊಡೆದುಕೊಂಡು ಬಂದು ಇಂಗ್ಲೆಂಡಿನ ವ್ಯಾಪಾರಿಗಳಿಗೆ ಮಾರುತ್ತಿದ್ದರು. ಡಚೆಸ್ ವಿರುದ್ಧ ಪಕ್ಷ ನಿಲ್ಲಿಸಿದ ವಿಲಿಯಂ ಮೆಕ್‌ನೇರ್ ಸ್ನ್ಯಾಡನ್ ಅವರೂ ಈ ಸೀಮೆಯ ರೈತರೇ, ದನಗಳ ತಳಿ ಬೆಳೆಸಿ ಹೆಸರು ಮಾಡಿದವರು. ಅಭ್ಯರ್ಥಿಯನ್ನು ಆರಿಸುವಾಗ ಪಕ್ಷ ಜಾಣತನ ತೋರಿತ್ತು.

ನಾವು ಉಳಿದ ಮನೆಯ ಒಡತಿಗೆ ಎಪ್ಪತ್ತು ದಾಟಿತ್ತು. ರಾತ್ರಿ ಊಟಕ್ಕೆ ಬೇಳೆ ಸೂಪು, ಸಸ್ಯಾಹಾರಿ ಹ್ಯಾಗಿಸ್, ಜಜ್ಜಿದ ಆಲೂಗಡ್ಡೆ, ಜಜ್ಜಿದ ಟರ್ನಿಪ್. ಹ್ಯಾಗಿಸ್ ಅಂದರೆ ಕುರಿಯ ಒಳಭಾಗಗಳದ್ದು ಎಂದು ಹೆದರಬೇಕಿಲ್ಲ. ಓಟ್ಸು, ಕಾಳು, ಮೆಣಸು ಹಾಕಿ ಮಾಡಿದ್ದು ಎಲ್ಲ ಕಡೆ ಸಿಗುತ್ತದೆ, ಮೆಣಸಿನ ಖಾರ ನಮ್ಮ ನಾಲಿಗೆಗೆ ಹಿತ. ನಾನು ಉಪಚುನಾವಣೆಯ ಮಾತೆತ್ತಿದ ಕೂಡಲೇ ಅವರು "1963ರದ್ದು ತಾನೆ?" ಅಂದರು.

ಅದೂ ಇದೇ ಕ್ಷೇತ್ರ. 1963ರ ಅಕ್ಟೋಬರಿನಲ್ಲಿ ಪ್ರಧಾನಿಯಾದ ಅರ್ಲ್ ಆಫ್ ಹೋಮ್ ತಮ್ಮ ಪ್ರಭುಪದವಿಯನ್ನೂ ಅದರೊಂದಿಗೆ ಮೇಲ್ಮನೆಯ ಸ್ಥಾನವನ್ನೂ ಬಿಟ್ಟು ಅಲೆಕ್ ಡಗ್ಲಸ್-ಹೋಮ್ ಆಗಿ ಇಲ್ಲಿಂದ ಕೆಳಮನೆಯಾದ ಕಾಮನ್ಸ್ ಸಭೆಗೆ ಸ್ಪರ್ಧಿಸಿದರು. ನವೆಂಬರ್ 7ರ ಮತದಾನದಲ್ಲಿ ಗೆಲ್ಲುವ ತನಕ ಎರಡು ವಾರ ದೇಶದ ಪ್ರಧಾನಿ ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಆಗ ಶಾಲೆಯ ಹುಡುಗಿಯಾಗಿದ್ದ ಒಡತಿಗೆ ನೆನಪಿರುವುದು ಟಿವಿಯವರ ಗಾಡಿಗಳು, ಬೀದಿಯಲ್ಲಿ ಎಳೆದ ಕೇಬಲ್ಲುಗಳು. ನಾನು ಚಿಕ್ಕಮಗಳೂರಿನ ಕಥೆ ಹೇಳಿದೆ: ರಾಯ್‌ಬರೇಲಿಯಲ್ಲಿ ಸೋತ ಇಂದಿರಾ ಗಾಂಧಿ 1978ರ ನವೆಂಬರಿನಲ್ಲಿ ವೀರೇಂದ್ರ ಪಾಟೀಲರ ಎದುರು ಅಲ್ಲಿಂದ ಗೆದ್ದು ಲೋಕಸಭೆಗೆ ಹೋದದ್ದು, ಮರುತಿಂಗಳೇ ಸದನ ಅವರನ್ನು ಹೊರಹಾಕಿದ್ದು. "ಕಾಫಿ ಬೆಳೆಯುವ ಊರೇ? ಚಳಿ ಇರುತ್ತದೆಯೇ?" ಎಂದು ಕೇಳಿದರು. ಡಚೆಸ್ ಬಗ್ಗೆ ಕೇಳಿದರೆ, "ಅವರು ಕೆಂಪು ಡಚೆಸ್ ಅಲ್ಲವೇ, ನಮ್ಮ ಅಮ್ಮ ಹೇಳುತ್ತಿದ್ದರು" ಎಂದಷ್ಟೇ ಹೇಳಿ ಪುಡ್ಡಿಂಗ್ ತರಲು ಎದ್ದರು.

ಮೂರನೇ ದಿನ: ಸ್ಮಾ ಗ್ಲೆನ್, ಅಮುಲ್‌ರೀ, ಆಬರ್‌ಫೆಲ್ಡಿ

ರಾತ್ರಿ ಮಳೆ ಹಿಮವಾಗಿತ್ತು. ಬೆಳಗ್ಗೆ ಒಂಬತ್ತಕ್ಕೆ ಪರದೆ ಸರಿಸಿದರೆ ಕ್ರೀಫ್‌ನ ಮಾಡುಗಳೆಲ್ಲ ಬಿಳಿ. ರಸ್ತೆ ಉಪ್ಪು ಉದುರಿಸಿದ್ದಾರೋ ಇಲ್ಲವೋ ನೋಡಿಕೊಂಡು ಹೊರಡಿ ಎಂದು ಒಡತಿ ಎರಡು ಸಲ ಹೇಳಿದರು. ಹೆದ್ದಾರಿಗಳಲ್ಲಿ ಉಪ್ಪಿನ ಲಾರಿಗಳು ಎಲ್ಲಿವೆ ಎಂದು ಮೊಬೈಲಿನ ನಕ್ಷೆಯಲ್ಲೇ ಕಾಣುತ್ತದೆ, ಒಳರಸ್ತೆಗಳಿಗೆ ಆ ಸೌಕರ್ಯವಿಲ್ಲ. ಕಾರಿನ ಡಿಕ್ಕಿಯಲ್ಲಿ ಸಲಿಕೆ, ಕಂಬಳಿ, ಫ್ಲಾಸ್ಕಿನಲ್ಲಿ ಚಹಾ, ತಿನ್ನಲು ಏನಾದರೂ ಇಟ್ಟುಕೊಳ್ಳದೆ ಈ ತಿಂಗಳಲ್ಲಿ ಇತ್ತ ಬರಲೇಬಾರದು.

ಸ್ಮಾ ಗ್ಲೆನ್ ಇಕ್ಕಟ್ಟಾದ ಕಣಿವೆ. ಎರಡೂ ಕಡೆ ಕಡಿದಾದ ಬೆಟ್ಟ, ತಳದಲ್ಲಿ ಆಲ್ಮಂಡ್ ಹೊಳೆ. ಅದರ ಪಕ್ಕ ಜನರಲ್ ವೇಡ್ 1730ರ ಆಸುಪಾಸಿನಲ್ಲಿ ಹಾಕಿಸಿದ ಸೈನ್ಯದ ದಾರಿಯ ಗುರುತು ಇನ್ನೂ ಇದೆ. ಹಿಮದಲ್ಲಿ ಹೊಳೆ ಮಾತ್ರ ಕಪ್ಪು, ಉಳಿದದ್ದೆಲ್ಲ ಒಂದೇ ಬಣ್ಣ. 1938ರ ಮತದಾನದ ದಿನ ಇಲ್ಲೆಲ್ಲ ಜೋರಾಗಿ ಹಿಮ ಬಿದ್ದಿತ್ತು. ಒಂದೊಂದು ಮನೆ ಒಂದೊಂದು ಬೆಟ್ಟದ ಮಗ್ಗುಲಲ್ಲಿ. ಮತಗಟ್ಟೆ ಮೈಲುಗಟ್ಟಲೆ ದೂರ. ಸ್ನ್ಯಾಡನ್ ಕಡೆಯವರ ಹತ್ತಿರ ಕಾರುಗಳಿದ್ದವು, ಮತದಾರರನ್ನು ಕೂರಿಸಿಕೊಂಡು ಹೋಗಿ ಬಿಡುತ್ತಿದ್ದರು. ಡಚೆಸ್‌ಗೆ ಮತ ಹಾಕಬೇಕೆಂದಿದ್ದ ಕೂಲಿಯಾಳುಗಳಲ್ಲಿ, ಬಡವರಲ್ಲಿ ಎಷ್ಟು ಜನ ಆ ಹಿಮದಲ್ಲಿ ನಡೆದು ಹೋದಾರು? ಈ ಮಾತನ್ನು ಪುಸ್ತಕದಲ್ಲಿ ಓದಿದಾಗ ನೆಪದ ಹಾಗೆ ಕಂಡಿತ್ತು. ಸ್ಮಾ ಗ್ಲೆನ್ ದಾಟುತ್ತ ನಾಲ್ಕೈದು ಕಿಲೋಮೀಟರಿಗೊಂದರಂತೆ ಮನೆ ಕಂಡಾಗ ಅದರ ತೂಕ ತಿಳಿಯಿತು.

ಅಮುಲ್‌ರೀ ದಾಟಿದ ಮೇಲೆ ಎದುರಿಗೆ ಟ್ರ್ಯಾಕ್ಟರ್ ಬಂತು. ಅದಕ್ಕೆ ದಾರಿ ಬಿಡಲು ಕಾರನ್ನು ಅಂಚಿಗೆ ಸರಿಸುತ್ತಿದ್ದಂತೆ ಹಿಮದ ಕೆಳಗಿನ ಮೆತ್ತನೆ ನೆಲ ಕುಸಿದು ಹಿಂದಿನ ಚಕ್ರ ಚರಂಡಿಗೆ ಇಳಿಯಿತು. ಮೊಬೈಲಿಗೆ ಸಿಗ್ನಲ್ ಇಲ್ಲ. ಟ್ರ್ಯಾಕ್ಟರಿನವರು ಇಳಿದು ಬಂದರು. ಅರವತ್ತರ ರೈತ, ನಾಯಿಯೂ ಜೊತೆಗೆ. ಒಂದು ಮಾತೂ ಆಡದೆ ಸರಪಳಿ ತಂದು ಕಟ್ಟಿ ಎಳೆದರು. ಕಾರು ಮೇಲೆ ಬಂದ ಮೇಲೆಯೇ "ಎಲ್ಲಿಂದ ಬಂದಿರಿ?" ಎಂಬ ಪ್ರಶ್ನೆ.

ಫ್ಲಾಸ್ಕಿನ ಚಹಾ ಕೊಟ್ಟೆವು, ಅಲ್ಲೇ ನಿಂತು ಕುಡಿದರು. ನಾನು ಬಂದ ಕಾರಣ ಹೇಳಿದಾಗ ಅವರು ನಾಯಿಯ ಬೆನ್ನು ತಟ್ಟುತ್ತ ಸ್ವಲ್ಪ ಹೊತ್ತು ಯೋಚಿಸಿದರು. ಅವರ ಅಜ್ಜ ಆ ದಿನ ಮತ ಹಾಕಿದವರು, ಸ್ನ್ಯಾಡನ್‌ಗೆ.

"ಯುದ್ಧದ ಹೆದರಿಕೆಗೋ?" ಅಂದೆ.

"ಅಲ್ಲ. ದನದ ಬೆಲೆ ಅರಿತ ಮನುಷ್ಯ ಲಂಡನ್ನಿಗೆ ಹೋಗಲಿ ಅಂತ. ಡಚೆಸ್ ಒಳ್ಳೆಯ ಹೆಂಗಸು, ಆದರೆ ಅವರ ಮನಸ್ಸು ಯಾವಾಗಲೂ ಸ್ಪೇನಿನಲ್ಲಿ ಇರುತ್ತಿತ್ತು ಅನ್ನುತ್ತಿದ್ದರು ನಮ್ಮಜ್ಜ."

ಸ್ಪೇನಿನಲ್ಲಿ ಆಗ ಅಂತರ್ಯುದ್ಧ ನಡೆಯುತ್ತಿತ್ತು, ಅಲ್ಲಿ ನೊಂದವರಿಗಾಗಿ ಡಚೆಸ್ ದುಡಿಯುತ್ತಿದ್ದರು. ಅಜ್ಜನ ಹಿರಿಮಗ, ಅಂದರೆ ಈ ರೈತರ ದೊಡ್ಡಪ್ಪ, 51ನೇ ಹೈಲ್ಯಾಂಡ್ ಡಿವಿಜನ್ ಜೊತೆ ಫ್ರಾನ್ಸಿಗೆ ಹೋದರಂತೆ. 1940ರ ಜೂನ್ 12ರಂದು ಸೇಂಟ್ ವ್ಯಾಲರಿಯಲ್ಲಿ ಆ ಡಿವಿಜನ್ ಶರಣಾಗಬೇಕಾಯಿತು. ಪರ್ತ್‌ಶೈರ್‌ನ ಎಷ್ಟೋ ಮನೆಗಳ ಹುಡುಗರು ಐದು ವರ್ಷ ಜರ್ಮನರ ಸೆರೆಯಲ್ಲಿ ಕಳೆದರು. ಅಷ್ಟಾದ ಮೇಲೆ ಅಜ್ಜನಿಗೆ ತಮ್ಮ ಮತದ ಬಗ್ಗೆ ಏನನ್ನಿಸಿತ್ತು ಎಂದು ಕೇಳದಿರಲು ಆಗಲಿಲ್ಲ. "ಮತ್ತೆ ಕೇಳಿದರೂ ಅದೇ ಮತ ಅನ್ನುತ್ತಿದ್ದರು. ಆಕೆ ಗೆದ್ದಿದ್ದರೆ ಹಿಟ್ಲರ್ ಮನೆಯಲ್ಲಿ ಕೂತಿರುತ್ತಿದ್ದನೇ ಅಂತ." ಚಹಾದ ಲೋಟ ಕೊಟ್ಟು, ಮುಂದಿನ ತಿರುವಿನಲ್ಲಿ ನಿಧಾನ ಎಂದು ಎಚ್ಚರಿಸಿ, ಟ್ರ್ಯಾಕ್ಟರ್ ಹತ್ತಿದರು. ಹಣ ಕೊಡಲು ಹೋದರೆ ತಲೆ ಅಲ್ಲಾಡಿಸಿದರು.

ಅವರ ಮಾತು ನನ್ನನ್ನು ಆಬರ್‌ಫೆಲ್ಡಿವರೆಗೂ ಕೊರೆಯಿತು. ಅವರ ಅಜ್ಜ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಬ್ಬ ಸಂಸದೆಯ ಸೋಲುಗೆಲುವಿನಿಂದ ಯುದ್ಧ ನಿಲ್ಲುವುದೂ ಇಲ್ಲ, ಬರುವುದೂ ಇಲ್ಲ. ಆದರೆ ಆ ಚಳಿಗಾಲದಲ್ಲಿ ಬ್ರಿಟನ್ನಿನ ಜನಕ್ಕೆ ಮ್ಯೂನಿಕ್ ಬಗ್ಗೆ ಬಾಯಿಬಿಡಲು ಇದ್ದ ಅವಕಾಶ ಉಪಚುನಾವಣೆಗಳು ಮಾತ್ರ. ಅಕ್ಟೋಬರಿನಲ್ಲಿ ಆಕ್ಸ್‌ಫರ್ಡ್‌ನಲ್ಲಿ ಸರ್ಕಾರಿ ಅಭ್ಯರ್ಥಿ ಕ್ವಿಂಟಿನ್ ಹಾಗ್ ಗೆದ್ದರು. ನವೆಂಬರಿನಲ್ಲಿ ಬ್ರಿಡ್ಜ್‌ವಾಟರ್‌ನಲ್ಲಿ ಪಕ್ಷೇತರ ಪತ್ರಕರ್ತ ವರ್ನನ್ ಬಾರ್ಟ್ಲೆಟ್ ಸರ್ಕಾರವನ್ನು ಸೋಲಿಸಿದರು. ಎಲ್ಲರ ಕಣ್ಣು ಆಮೇಲೆ ಪರ್ತ್‌ಶೈರ್ ಮೇಲೆ. ಸೋತರೆ ಪ್ರಧಾನಿಗೆ ಮುಖಭಂಗ ಎಂದು ಪಕ್ಷ ತನ್ನ ಸಂಸದರನ್ನು ಸಾಲುಸಾಲಾಗಿ ಇತ್ತ ಕಳಿಸಿತು. ಡಚೆಸ್ ಪರ ಚರ್ಚಿಲ್ ಬೆಂಬಲದ ಪತ್ರ ಬರೆದರು, ವೇದಿಕೆಗೆ ಬರಲಿಲ್ಲ.

ಆಬರ್‌ಫೆಲ್ಡಿಯಲ್ಲಿ ಟೇ ನದಿಯ ಮೇಲೆ ಜನರಲ್ ವೇಡ್ 1733ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆಯಿದೆ, ನಾಲ್ಕು ಮೂಲೆಗೆ ನಾಲ್ಕು ಗೋಪುರಸ್ತಂಭ. ವಾಹನ ಈಗಲೂ ಅದರ ಮೇಲೆಯೇ, ಒಂದು ಸಲಕ್ಕೆ ಒಂದೇ ಕಡೆಯಿಂದ. ರಾತ್ರಿ ನಾವು ಉಳಿದ ಕಡೆ ಹೀಟರ್ ಕೆಟ್ಟಿತ್ತು. ಇದ್ದ ಉಣ್ಣೆಯೆಲ್ಲ ಮೈಮೇಲೆ ಹಾಕಿಕೊಂಡು, ಬಿಸಿನೀರಿನ ರಬ್ಬರ್ ಚೀಲ ಕಾಲಿಗಿಟ್ಟುಕೊಂಡು ಮಲಗಿದೆವು.

ನಾಲ್ಕನೇ ದಿನ: ಕಿಲ್ಲಿಕ್ರಾಂಕಿ, ಬ್ಲೇರ್ ಆಥಲ್

ಬಿಸಿಲು ಬಂತು. ಹಿಮದ ಮೇಲಿನ ಬಿಸಿಲಿಗೆ ಕಣ್ಣು ಬಿಡಲಾಗದು, ಕಪ್ಪು ಕನ್ನಡಕ ಚಳಿಗಾಲದಲ್ಲೂ ಬೇಕೇ ಬೇಕು. ಪಿಟ್ಲಾಕ್ರಿಯಲ್ಲಿ ಗಂಜಿ ಕುಡಿದೆವು. ಓಟ್ಸಿನ ಗಂಜಿ, ಉಪ್ಪು ಹಾಕಿದ್ದು. ಜೇನು ಬೇಕೇ ಎಂದು ಕೇಳಿದರು, ನನಗೆ ಉಪ್ಪಿನದೇ ಹಿಡಿಸಿತು. ಕಿಲ್ಲಿಕ್ರಾಂಕಿ ಕಣಿವೆಯಲ್ಲಿ 1689ರ ಯುದ್ಧದಿಂದ ಓಡುತ್ತಿದ್ದ ಸೈನಿಕನೊಬ್ಬ ಹದಿನೆಂಟು ಅಡಿ ಅಗಲದ ಹೊಳೆ ಹಾರಿದ ಎಂದು ತೋರಿಸುವ ಬಂಡೆಗಳಿವೆ. ಮೆಟ್ಟಿಲುಗಳ ಮೇಲೆ ಮಂಜುಗಡ್ಡೆ ಕಟ್ಟಿದ್ದರಿಂದ ನಾನು ಮೇಲೆಯೇ ನಿಂತೆ.

ಬ್ಲೇರ್ ಕ್ಯಾಸಲ್ ಬಿಳಿ ಕೋಟೆ. ಅಂದು ಹಿಂದೆ ಬೆಟ್ಟ ಬಿಳಿ, ಮುಂದೆ ಬಯಲು ಬಿಳಿ. ಚಳಿಗಾಲದಲ್ಲಿ ಒಳಗೆ ಬಿಡುವುದು ಅಪರೂಪ. ಅಕ್ಕನ ಮಗಳು ಬೇಸಿಗೆಯಲ್ಲಿ ಗೆಳತಿಯರ ಜೊತೆ ನೋಡಿದ್ದಳು: ಬಾಗಿಲಲ್ಲೇ ಗೋಡೆ ತುಂಬ ಕೋವಿ, ಗುರಾಣಿ, ಕತ್ತಿಗಳು, ನೃತ್ಯದ ಹಜಾರದಲ್ಲಿ ಸಾಲುಸಾಲು ಜಿಂಕೆ ಕೊಂಬು. ಡ್ಯೂಕ್‌ಗೆ ಇಂದಿಗೂ ಸ್ವಂತ ಸಣ್ಣ ಸೈನ್ಯವಿದೆ, ಆಥಲ್ ಹೈಲ್ಯಾಂಡರ್ಸ್, ವಿಕ್ಟೋರಿಯಾ ರಾಣಿಯ ಕಾಲದಿಂದ ಬಂದದ್ದು. ಈ ವೈಭವದ ನಡುವೆ ಬದುಕಿದ ಕ್ಯಾಥರೀನ್ ಮದುವೆಗೆ ಮುಂಚೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಕಲಿತ ಪಿಯಾನೊ ವಾದಕಿ.

ಕೋಟೆಯ ಮುಂದಿನ ಮರಗಳ ಸಾಲಿನಲ್ಲಿ ನಡೆಯುತ್ತ ಅವರ ಬದುಕನ್ನು ಹುಡುಗಿಗೆ ಹೇಳುತ್ತ ಹೋದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಅವರು ಹೆಣ್ಣುಮಕ್ಕಳಿಗೆ ಮತದ ಹಕ್ಕು ಬೇಡ ಅಂದವರು. 1929ರಲ್ಲಿ ಕೀನ್ಯಾದ ಹೆಣ್ಣುಮಕ್ಕಳ ಜನನಾಂಗ ಛೇದನದ ಬಗ್ಗೆ ಹೆಚ್ಚಿನವರು ಬಾಯಿಬಿಡದಿದ್ದ ಕಾಲದಲ್ಲಿ ಕಾಮನ್ಸ್ ಸಭೆಯಲ್ಲಿ ಮಾತಾಡಿದವರು. ಹಿಟ್ಲರ್ ಬರೆದ ಪುಸ್ತಕವನ್ನು ಜರ್ಮನ್ ಮೂಲದಲ್ಲೇ ಓದಿ, ಇಂಗ್ಲಿಷ್ ಅನುವಾದದಲ್ಲಿ ಭಯಾನಕ ಭಾಗಗಳನ್ನು ಬಿಟ್ಟಿದ್ದಾರೆಂದು ಸಾರಿದವರು. 1937ರ ಏಪ್ರಿಲಿನಲ್ಲಿ ಇತರ ಸಂಸದೆಯರಾದ ಎಲೆನರ್ ರಾತ್‌ಬೋನ್, ಎಲೆನ್ ವಿಲ್ಕಿನ್ಸನ್ ಜೊತೆ ಯುದ್ಧ ನಡೆಯುತ್ತಿದ್ದ ಸ್ಪೇನಿಗೆ ಹೋಗಿ ಬಾಂಬು ಬಿದ್ದ ಊರುಗಳನ್ನು ಕಣ್ಣಾರೆ ಕಂಡರು. ಮರುತಿಂಗಳು ಬಾಸ್ಕ್ ನಾಡಿನ ಸುಮಾರು ನಾಲ್ಕು ಸಾವಿರ ಮಕ್ಕಳನ್ನು ಹೊತ್ತ ಹಬಾನಾ ಹಡಗು ಸೌತಾಂಪ್ಟನ್ನಿಗೆ ಬಂದಾಗ, ಆ ಕೆಲಸದ ಹಿಂದಿದ್ದ ಸ್ಪೇನ್ ಪರಿಹಾರ ಸಮಿತಿಯ ಅಧ್ಯಕ್ಷೆ ಅವರೇ. ಕೆಂಪು ಡಚೆಸ್ ಎಂಬ ಹೆಸರು ಅಂಟಿದ್ದು ಆಗ. ಅವರು ಕಮ್ಯುನಿಸ್ಟ್ ಆಗಿರಲೇ ಇಲ್ಲ. ಯುದ್ಧದ ನಂತರ ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತದ ವಿರುದ್ಧವೂ ಅಷ್ಟೇ ಗಟ್ಟಿಯಾಗಿ ನಿಂತರು.

"ಇಷ್ಟ್ ಛಲೋ ಇದ್ರ ನಿನಗ್ಯಾಕ ಒಂಚೂರು ಸಿಟ್ಟು?" ಎಂದು ಕೇಳಿದಳು. ಮಾತಿನಲ್ಲಿ ಅದು ಕಂಡಿತ್ತು.

ಸಿಟ್ಟಿಗೆ ಕಾರಣ 1935. ಆ ವರ್ಷದ ಭಾರತ ಸರ್ಕಾರ ಕಾಯ್ದೆ ನಮಗೆ ಪ್ರಾಂತಗಳಲ್ಲಿ ಸ್ವಲ್ಪ ಮಟ್ಟಿನ ಸ್ವಯಮಾಡಳಿತ ಕೊಟ್ಟಿತು. ಕ್ಯಾಥರೀನ್ ಅದನ್ನು ಚರ್ಚಿಲ್ ಜೊತೆ ಸೇರಿ ಕಡೆತನಕ ವಿರೋಧಿಸಿದರು. ಪಕ್ಷದ ಶಿಸ್ತನ್ನು ಬಿಟ್ಟು ಅವರು ಮೊದಲು ಹೊರಬಂದದ್ದು ಹಿಟ್ಲರ್ ವಿಷಯಕ್ಕಲ್ಲ, ನಮಗೆ ಅಷ್ಟು ಕೊಡಬಾರದೆಂಬ ಹಟವೂ ಅದರಲ್ಲಿತ್ತು. ಅದೇ ಕಾಯ್ದೆಯ ಅಡಿಯಲ್ಲಿ 1937ರಲ್ಲಿ ಚುನಾವಣೆ ಆಯಿತು. ಮೈಸೂರು ಸಂಸ್ಥಾನ ಅದರ ಹೊರಗಿತ್ತು, ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಭೂಕಂದಾಯ ಕಟ್ಟುತ್ತಿದ್ದ ನನ್ನ ಅಜ್ಜನಿಗೆ ಮತ ಬಂತು. ಹೊಸ ಧೋತರ ಉಟ್ಟು, ರುಮಾಲು ಸುತ್ತಿ ಹೋಗಿ ಮತ ಹಾಕಿ ಬಂದೆ ಎಂದು ಸಾಯುವವರೆಗೂ ಹೇಳುತ್ತಿದ್ದರು. ಆ ಅಜ್ಜನ ಮೊಮ್ಮಗಳು ಈ ಕೋಟೆಯ ಮುಂದೆ ನಿಂತು, ಇಲ್ಲಿದ್ದಾಕೆಯನ್ನು ಹೊಗಳುವಾಗ ಗಂಟಲು ಬಿಗಿಯದೆ ಇರುತ್ತದೆಯೇ?

1938ರ ಬೇಸಿಗೆಯಲ್ಲಿ ಜವಾಹರಲಾಲ್ ನೆಹರೂ ಕೃಷ್ಣ ಮೆನನ್ ಜೊತೆ ಸ್ಪೇನಿನ ಬಾರ್ಸಿಲೋನಾಕ್ಕೆ ಹೋಗಿದ್ದರು. ಆಮೇಲೆ ಚೆಕೊಸ್ಲೊವಾಕಿಯಾಕ್ಕೂ ಹೋದರು. ನಮ್ಮ ಸ್ವಾತಂತ್ರ್ಯ ಬೇಡ ಅಂದ ಡಚೆಸ್, ಅದಕ್ಕಾಗಿ ಜೈಲು ಕಂಡ ನೆಹರೂ, ಸ್ಪೇನಿನ ವಿಷಯದಲ್ಲಿ ಒಂದೇ ಕಡೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಿಲ್ಲ. ಆದರೆ ಯಾವ ದೇಶದ್ದಾದರೂ ಮಗುವಿನ ಮೇಲೆ ಬಾಂಬು ಬೀಳಬಾರದು ಎಂದವರು, ಅದಕ್ಕಾಗಿ ತಮ್ಮ ಕುರ್ಚಿ ಬಿಟ್ಟವರು ಎಷ್ಟು ಜನ? ಸಿಟ್ಟನ್ನೂ ಗೌರವವನ್ನೂ ಒಟ್ಟಿಗೇ ಇಟ್ಟುಕೊಳ್ಳುತ್ತೇನೆ ಅಂದೆ.

ಹಳ್ಳಿಯ ಹೋಟೆಲಿನಲ್ಲಿ ಬಟಾಣಿ ಸೂಪು, ಬಿಸಿ ಬ್ರೆಡ್ಡು. ಮೂರೂಮುಕ್ಕಾಲಿಗೆ ಬೀದಿದೀಪ ಹತ್ತಿದವು.

ಐದನೇ ದಿನ: ಪರ್ತ್

ಪರ್ತ್ ನಗರ ಆ ಕ್ಷೇತ್ರದ ಒಳಗಿರಲಿಲ್ಲ, ಅದಕ್ಕೆ ಬೇರೆಯೇ ಕ್ಷೇತ್ರ. ಆದರೂ ಸುತ್ತಿನ ಜಿಲ್ಲೆಯ ಚರಿತ್ರೆ ಹುಡುಕುವವರು ಬರಬೇಕಾದದ್ದು ಇಲ್ಲಿಯ ಗ್ರಂಥಾಲಯಕ್ಕೇ. ಸ್ಥಳೀಯ ಇತಿಹಾಸದ ವಿಭಾಗಕ್ಕೆ ಹೋಗುವ ಮುಂಚೆ ಏನು ನೋಡಬೇಕೆಂದು ಬರೆದು ತಿಳಿಸಿದರೆ ಕೆಲಸ ಹಗುರ. ನಾನು ಅರ್ಧ ದಿನ ಅಲ್ಲಿ ಕೂತೆ. ಫಲಿತಾಂಶ ಗೊತ್ತಿದ್ದದ್ದೇ: ಸ್ನ್ಯಾಡನ್ 11,808, ಡಚೆಸ್ 10,495. ಅಂತರ 1,313. ನಾಲ್ಕು ದಿನ ಆ ರಸ್ತೆಗಳಲ್ಲಿ ಓಡಾಡಿ ಬಂದ ಮೇಲೆ ಅಂತರಕ್ಕಿಂತ 10,495 ಎಂಬ ಸಂಖ್ಯೆಯೇ ದೊಡ್ಡದಾಗಿ ಕಂಡಿತು. ಆ ಸ್ಮಾರಕಗಳ ಊರುಗಳಲ್ಲಿ, ಆ ಹಿಮದಲ್ಲಿ, ಪಕ್ಷವೂ ಅಷ್ಟು ಕಾರುಗಳೂ ಇಲ್ಲದ ಅಭ್ಯರ್ಥಿಗೆ ಅಷ್ಟು ಜನ ಹೊರಬಂದಿದ್ದರು. ಮೂರು ತಿಂಗಳು ತುಂಬುವ ಮೊದಲೇ, 1939ರ ಮಾರ್ಚ್ 15ರಂದು, ಹಿಟ್ಲರನ ಸೈನ್ಯ ಪ್ರಾಗ್ ನಗರಕ್ಕೆ ನುಗ್ಗಿತು. ಕ್ಯಾಥರೀನ್ ಮತ್ತೆ ಸಂಸತ್ತಿಗೆ ಹೋಗಲಿಲ್ಲ. 1960ರಲ್ಲಿ ಎಡಿನ್‌ಬರೋದಲ್ಲಿ ತೀರಿಕೊಂಡರು. ಕ್ಷೇತ್ರವೇ 1983ರಲ್ಲಿ ನಕ್ಷೆಯಿಂದ ಹೋಯಿತು.

ರೈಲ್ವೆ ಸ್ಟೇಷನ್ ಹತ್ತಿರದ ಕಾಫಿ ಅಂಗಡಿಯಲ್ಲಿ ಕಿಟಕಿ ಪಕ್ಕ ಕೂತಾಗ ಹುಡುಗಿ ಕೇಳಿದಳು: "ಮೌಶಿ, ನೀ ಆಗ ಇಲ್ಲಿದ್ರ ಯಾರಿಗೆ ಹಾಕ್ತಿದ್ದಿ?"

"ಆಕಿಗೇ."

"ನಮಗ ಬ್ಯಾಡ ಅಂದಾಕಿಗೆ?"

"ಹೌದು, ಆಕಿಗೇ. ಹಾಕಿ ಬಂದು ಮರುದಿನ ಭಾರತದ ಬಗ್ಗೆ ಜಗಳದ ಪತ್ರಾ ಬರೀತಿದ್ದೆ."

ಅವಳು ನಕ್ಕಳು. ಆಮೇಲೆ ಗೊತ್ತಾಯಿತು, ಅವಳು ಬಂದು ಇಷ್ಟು ದಿನವಾದರೂ ಇಲ್ಲಿ ಮತದಾರಳಾಗಿ ಹೆಸರು ನೋಂದಾಯಿಸಿರಲಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಇಲ್ಲಿ ಮತವೆಲ್ಲಿ ಎಂದು ತಿಳಿದಿದ್ದಳು. ಕಾಮನ್‌ವೆಲ್ತ್ ದೇಶಗಳವರು ವೀಸಾ ಮೇಲೆ ಇಲ್ಲಿ ವಾಸವಿದ್ದರೆ ಬ್ರಿಟಿಷ್ ಸಂಸತ್ತಿನ ಚುನಾವಣೆಯಲ್ಲೂ ಮತ ಹಾಕಬಹುದು. ಸಂಸತ್ತಿನ ಚುನಾವಣೆಯ ಮತಗಟ್ಟೆಯಲ್ಲಿ ಫೋಟೋ ಇರುವ ಗುರುತು ಕೇಳುತ್ತಾರೆ, ಭಾರತದ ಪಾಸ್‌ಪೋರ್ಟೇ ನಡೆಯುತ್ತದೆ. ಅಲ್ಲಿಗೆ ಓದಲು, ದುಡಿಯಲು ಹೋಗುವ ನಮ್ಮ ಮಕ್ಕಳಲ್ಲಿ ಇದನ್ನು ಅರಿಯದವರು ಎಷ್ಟೋ ಜನ.

ರೈಲಿಗೆ ಇನ್ನೂ ಸಮಯವಿತ್ತು. ಮೊಬೈಲ್ ತೆಗೆದು ಕೂತಳು. ವಿಳಾಸ, ಜನ್ಮದಿನಾಂಕ, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೇಳಿತು. ಯಾವ ದೇಶದ ಪ್ರಜೆ ಎಂಬಲ್ಲಿ ಇಂಡಿಯನ್ ಎಂದು ತುಂಬಿದಳು. ಕಾಫಿ ಆರುವುದರೊಳಗೆ ಅರ್ಜಿ ಹೋಯಿತು. ಪಟ್ಟಿಗೆ ಹೆಸರು ಸೇರಿದ ಕಾಗದ ಜನವರಿಯಲ್ಲಿ ಮನೆಗೆ ಬಂತಂತೆ, ಫೋನಿನಲ್ಲಿ ಹೇಳಿದಳು.